ಭುಜಂಗಣ್ಣನ ಗಾಡಿ ಕುಡಿದ ಡೀಸೆಲ್ಲು

ಭುಜಂಗಣ್ಣ ಎದುರಿಗೆ ಸಿಕ್ಕರೆ ನಮ್ಮೂರಿನವರು ಆರೋಗ್ಯ ವಿಚಾರಿಸುತ್ತಿರಲಿಲ್ಲ, ಮೈಲೇಜು ವಿಚಾರಿಸುತ್ತಿದ್ದರು. 'ಏನ್ ಭುಜಂಗಣ್ಣ, ಎಷ್ಟು ಕೊಡಾಕತ್ತೈತಿ?' ಎಂದರೆ ಸಾಕು, ಆತನ ಮುಖ ಅರಳುತ್ತಿತ್ತು. 'ಲೀಟರಿಗೆ ಹದಿನಾಲ್ಕು. ಅದಕ್ಕ ಮೋಸ ಇಲ್ಲ' ಎನ್ನುತ್ತಿದ್ದ. ಆತನದು ಹಳೆಯ ನೀಲಿ ಪಿಕಪ್ಪು. ಬಾಗಿಲು ಹಾಕಲು ಎರಡು ಕೈ ಬೇಕು, ತೆಗೆಯಲು ಒಂದು ಕಾಲೂ ಬೇಕು. ಆದರೆ ಅಂಥ ಗಾಡಿಯಿಂದ ಹದಿನಾಲ್ಕು ಕಿಲೋಮೀಟರು ಹಿಂಡುವವನು ಊರಲ್ಲಿ ಮತ್ತೊಬ್ಬನಿರಲಿಲ್ಲ. ಇಳಿಜಾರು ಕಂಡ ತಕ್ಷಣ ಎಂಜಿನ್ ಆರಿಸಿಬಿಡುತ್ತಿದ್ದ. ಮುಂದೆ ಏರು ಬಂದರೆ ಪಕ್ಕದಲ್ಲಿ ಕೂತ ಹೆಂಡತಿಯ ಮುಖ ನೋಡುತ್ತಿದ್ದ. ಕಸ್ತೂರಿ ಮಾತಿಲ್ಲದೆ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ ನಡೆಯಲು ಶುರು ಮಾಡುತ್ತಿದ್ದಳು. ಎಷ್ಟೋ ಸಲ ಗಾಡಿಗಿಂತ ಮೊದಲೇ ಏರಿನ ತುದಿ ಮುಟ್ಟಿ, ಮೇಲೆ ಯಾರದೋ ಕಟ್ಟೆಯ ಮೇಲೆ ಕೂತು ನೆಲಗಡಲೆ ತಿನ್ನುತ್ತಿರುತ್ತಿದ್ದಳು.

ಇದನ್ನೆಲ್ಲ ನಾನು ಹೇಳಬಲ್ಲೆ, ಯಾಕೆಂದರೆ ನನ್ನದು ಅವರ ಎದುರು ಮನೆ. ಹೊಲಿಗೆ ನನ್ನ ಕಸುಬು. ಮಿಷನ್ನು ಕಿಟಕಿಗೆ ಹಾಕಿಕೊಂಡು ಕೂತಿರುತ್ತೇನೆ. ಕಣ್ಣು ಸೂಜಿಯ ಮೇಲಿದ್ದರೂ ಕಿವಿ ಎಲ್ಲಿರಬೇಕು ಎಂದು ಯಾರೂ ಹೇಳಿಲ್ಲವಲ್ಲ. ನಾನು ಕಣ್ಣಾರೆ ಕಾಣದ್ದನ್ನು ಆಮೇಲೆ ಕಸ್ತೂರಿಯ ಬಾಯಿಂದ ಕೇಳಿದ್ದೇನೆ.

ನಮ್ಮೂರು ಹೊಳೆಗುಂಟ ಉದ್ದಕ್ಕೆ ಚಾಚಿಕೊಂಡ ಊರು. ಈ ತುದಿಗೆ ಪೆಟ್ರೋಲ್ ಪಂಪು, ಆ ತುದಿಗೆ, ಸೇತುವೆ ದಾಟಿ ಗುಡ್ಡ ಹತ್ತಿದರೆ, ಆಸ್ಪತ್ರೆ. ನಡುವೆ ಓಣಿಗಳು, ಪೇಟೆಗಳು, ಒಂದಿಷ್ಟು ಹೊಲ, ಮತ್ತೆ ಓಣಿಗಳು. ಚಳಿಗಾಲಕ್ಕೆ ಹಿಮ ಬರುತ್ತದೆ. ಬಂದದ್ದು ಊರ ಮೇಲೆಲ್ಲ ಬೀಳುವುದಿಲ್ಲ, ಯಾವುದೋ ಒಂದು ಓಣಿ ನೋಡಿಕೊಂಡು ಕೂರುತ್ತದೆ. ಕೂತಲ್ಲಿ ಎದೆಯುದ್ದ. ಅಲ್ಲಿಂದ ನಾಲ್ಕು ಹೆಜ್ಜೆ ಆಚೆಗೆ ಬಿಸಿಲು, ಧೂಳು, ಬಾಲ ಅಲ್ಲಾಡಿಸುವ ಎಮ್ಮೆ. ಕೆಲವು ದಿನ ಇದ್ದು, ಬೇಸರವಾದಾಗ ಹಾಸಿಗೆ ಸುತ್ತಿದ ಹಾಗೆ ಅಂಚಿನಿಂದ ತನ್ನನ್ನು ತಾನೇ ಸುತ್ತಿಕೊಂಡು ಎದ್ದು ಇನ್ನೊಂದು ಓಣಿಗೆ ಹೋಗುತ್ತದೆ. ಹೋಗುವಾಗ ಹೊರಗೆ ಬಿಟ್ಟ ಸಾಮಾನು, ದಾರಿಯಲ್ಲಿ ಸಿಕ್ಕಿದ್ದು, ಎಲ್ಲ ಅದರ ಜೊತೆಗೇ. ಅಕ್ಕಸಾಲಿಗರ ಓಣಿಯ ಒಂದು ಹಗ್ಗದ ಹೊರಸು ಹಾಗೆ ಹೋಗಿ, ಮರುವರ್ಷ ಬಳೇಪೇಟೆಯ ನಡುಬೀದಿಯಲ್ಲಿ ಸಿಕ್ಕಿತು, ಮೇಲಿನ ಕಂಬಳಿ ಚೆನ್ನಾಗಿ ಮಡಚಿಟ್ಟಿತ್ತು. ಮನುಷ್ಯರನ್ನು ಇದುವರೆಗೆ ಒಯ್ದದ್ದಿಲ್ಲ. ಆದರೆ ಒಯ್ಯುತ್ತದೋ ಇಲ್ಲವೋ ನೋಡೋಣ ಎಂದು ಯಾರೂ ನಿಂತೂ ಇಲ್ಲ. ನಮ್ಮ ಕಡೆ ಮದುವೆ ಕಾಗದದಲ್ಲಿ 'ಹಿಮ ನೋಡಿಕೊಂಡು ದಯಮಾಡಿಸಬೇಕು' ಎಂದು ಅಚ್ಚು ಹಾಕಿಸುತ್ತಾರೆ. ಬಾಡಿಗೆ ಮನೆ ಹುಡುಕುವವರು ನೀರು ಬರುತ್ತದೆಯೇ ಎನ್ನುವುದಕ್ಕಿಂತ ಮೊದಲು ಹೋದ ವರ್ಷ ಇಲ್ಲಿ ಕೂತಿತ್ತೇ ಎಂದು ಕೇಳುತ್ತಾರೆ.

ಹಿಮ ಕೂತ ಓಣಿಯೊಳಗೆ ಚಕ್ರದ ಗಾಡಿ ಹೋಗುವುದಿಲ್ಲ. ಹಾಲು, ಔಷಧ, ಅಕ್ಕಿ, ಬಸುರಿಯರು, ಎಲ್ಲ ಹಿಮಗಾಡಿಯ ಮೇಲೆಯೇ ಓಡಾಡಬೇಕು. ಮುಂದೆ ಎರಡು ಜಾರುಪಟ್ಟಿ, ಹಿಂದೆ ಅಗಲವಾದ ರಬ್ಬರಿನ ಪಟ್ಟ, ನಡುವೆ ಸ್ಕೂಟರಿನ ಹಾಗೆ ಕೂರುವ ಸೀಟು. ಅಂಗಡಿಯವರು ಅದನ್ನು ಸ್ನೋಮೊಬೈಲ್ ಎಂದು ಮಾರುತ್ತಾರೆ, ನಮಗೆ ಹಿಮಗಾಡಿ. ಊರಿಗೆ ಇದ್ದದ್ದು ಎರಡು. ಹಿಮದ ಮೇಲೆ ಬಾಣದ ಹಾಗೆ ಹೋಗುವ ಈ ಗಾಡಿಗಳು ಡಾಂಬರಿನ ಮೇಲೆ ಒಂದು ಮಾರೂ ಸರಿಯುವುದಿಲ್ಲ. ಹಾಗಾಗಿ ಹಿಮ ಎಲ್ಲಿ ಕೂತಿದೆಯೋ ಅಲ್ಲಿಗೆ ಯಾರಾದರೂ ಅವನ್ನು ಹೊತ್ತು ಹೋಗಬೇಕು, ಕೆಲಸ ಮುಗಿದ ಮೇಲೆ ಹೊತ್ತು ತರಬೇಕು. ಅಲ್ಲೇ ಬಿಟ್ಟು ಬಂದರೆ ಹಿಮದ ಪಾಲು.

ಮೊದಲು ಈ ಹೊರುವ ಕೆಲಸ ಒಂದು ಟ್ರ್ಯಾಕ್ಟರಿನದಾಗಿತ್ತು. ಅದು ಮುದಿಯಾಗಿ ಮೂಲೆ ಸೇರಿದಾಗ ಊರ ಸಮಿತಿ ಸಭೆ ಸೇರಿತು. ಅಧ್ಯಕ್ಷೆ ಚಂಪಾಬಾಯಿಯವರು, ನಿವೃತ್ತ ಹೆಡ್‌ಮಿಸ್ಸು. ಸಭೆಯಲ್ಲಿ ಯಾರಾದರೂ ಆಕಳಿಸಿದರೆ ಇವತ್ತಿಗೂ ಎಬ್ಬಿಸಿ ನಿಲ್ಲಿಸುತ್ತಾರೆ. ಅವರು ಭುಜಂಗಣ್ಣನನ್ನು ಕೇಳಿದರು. 'ನಿನ್ನ ಗಾಡಿ ತಡಕೋತೈತೇನಪ್ಪ? ಎರಡೂ ಸೇರಿದ್ರ ಭಾರ ಆಗ್ತಾವು. ಡೀಸೆಲ್ ಜಾಸ್ತಿ ಬೇಕಾದೀತು, ಈಗ್ಲೇ ಹೇಳು.'

ಆಗ ಭುಜಂಗಣ್ಣ ಸುಮ್ಮನೆ ಹೂಂ ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆತ ಎದ್ದು ನಿಂತು, ಅಂಗಿಯ ಕಾಲರು ಸರಿ ಮಾಡಿಕೊಂಡು, 'ಮಿಸ್ಸು, ಎರಡು ಹಿಮಗಾಡಿ ಹೇರಿದ್ರ ನನ್ನ ಪಿಕಪ್ಪಿಗೆ ಗೊತ್ತೂ ಆಗಂಗಿಲ್ಲ. ಹದಿನಾಲ್ಕು ಅಂದ್ರ ಹದಿನಾಲ್ಕ' ಎಂದ. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಹೇರಲು ಶುರು ಮಾಡಿದ ಮೊದಲ ವಾರವೇ ಹದಿನಾಲ್ಕು ಹನ್ನೊಂದಾಯಿತು. ಆಮೇಲೆ ಚಳಿ ಹೆಚ್ಚಿದಾಗ ಒಂಬತ್ತಕ್ಕೆ ಬಂದು ನಿಂತಿತು. ಭುಜಂಗಣ್ಣನಿಗೆ ಅನ್ನ ಸೇರದಾಯಿತು. ಗಾಡಿಯ ಕೆಳಗೆ ಮಲಗಿ ತಡಕಿದ, ಎಲ್ಲೂ ಸೋರಿಕೆ ಇಲ್ಲ. ಚಳಿಗೆ ಗಾಲಿಯ ಗಾಳಿ ಇಳಿದಿರಬಹುದೆಂದು ದಿನಾ ಗಾಳಿ ಹೊಡೆಸಿದ. ಹಿಮಗಾಡಿಗಳ ಮುಂದಿನ ಗಾಜು ಗಾಳಿಗೆ ಎದೆಯೊಡ್ಡಿ ನಿಲ್ಲುತ್ತದೆ ಎಂದು ಅವನ್ನು ಹಿಂದುಮುಂದಾಗಿ ನಿಲ್ಲಿಸಿದ. ಅದರಿಂದ ಸ್ವಲ್ಪ ಗುಣ ಕಂಡಿತು. ಆ ಉತ್ಸಾಹದಲ್ಲಿ ನನ್ನ ಹತ್ತಿರ ಬಂದು ಎರಡಕ್ಕೂ ತಾಡಪತ್ರಿಯ ಮುಸುಕು ಹೊಲಿಸಿಕೊಂಡ. ನಾನು ಒಂದಿಷ್ಟು ಸಡಿಲ ಬಿಟ್ಟೇ ಹೊಲಿದಿದ್ದೆ, ಹಾಕಲು ತೆಗೆಯಲು ಸುಲಭವಾಗಲೆಂದು. ಗಾಡಿ ವೇಗ ಹಿಡಿದಾಗ ಅದು ಹಡಗಿನ ಹಾಯಿಯ ಹಾಗೆ ಉಬ್ಬಿಕೊಂಡು ಪಿಕಪ್ಪನ್ನು ಹಿಂದಕ್ಕೆ ಜಗ್ಗಿತು. ಇದ್ದ ಒಂಬತ್ತರಲ್ಲೂ ಸ್ವಲ್ಪ ಹೋಯಿತು. ಅದಾದ ಮೇಲೆ ಸ್ವಲ್ಪ ದಿನ ಆತ ನನ್ನ ಕಿಟಕಿಯ ಕಡೆ ನೋಡಲಿಲ್ಲ.

ಆಮೇಲೆ ಹಗುರ ಮಾಡುವ ಹುಚ್ಚು ಹಿಡಿಯಿತು. ಹಿಮಗಾಡಿಯ ಪಟ್ಟದೊಳಗೆ ಕಚ್ಚಿಕೊಂಡ ಹಿಮವನ್ನು ತೆಂಗಿನ ಚಿಪ್ಪಿನಿಂದ ಕೆರೆದು ಕೆರೆದು ತೆಗೆದ. ಸ್ಟೆಪ್ನಿ ಮನೆಯಲ್ಲಿಟ್ಟ. ಸೀಟಿನ ಹಿಂದಿದ್ದ ಛತ್ರಿ ತೆಗೆದ. ಡ್ಯಾಶ್‌ಬೋರ್ಡಿನ ಮೇಲಿದ್ದ ಹಿತ್ತಾಳೆ ಗಣಪತಿಯನ್ನು ಕೈಯಲ್ಲಿ ಹಿಡಿದು ತೂಗಿ ನೋಡಿ, ಕಣ್ಣಿಗೊತ್ತಿಕೊಂಡು, ಅದರ ಜಾಗದಲ್ಲಿ ಕಾಗದದ ಗಣಪತಿ ಅಂಟಿಸಿದ.

ಇದನ್ನು ನೋಡಿ ಕಸ್ತೂರಿಗೆ ತಡೆಯಲಾಗಲಿಲ್ಲ. 'ಅಲ್ರೀ, ಎರಡು ಕೋಣದಂಥವನ್ನ ಬೆನ್ನ ಮ್ಯಾಲೆ ಹೇರಿ, ಗಣಪತಿ ಭಾರ ಅಂತ ಇಳಸ್ತೀರಲ್ಲ?'

'ಹೇರಿದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ.'

'ಹಂಗಂದ್ರ ನನ್ನನ್ನ ಯಾಕ ದಿಣ್ಣಿ ಬಂದಾಗೆಲ್ಲ ಇಳಸ್ತಿದ್ರಿ?'

ಉತ್ತರ ಭುಜಂಗಣ್ಣನ ಕಣ್ಣೆದುರೇ, ಪಿಕಪ್ಪಿನ ಬೆನ್ನ ಮೇಲೆ ಹಗ್ಗ ಬಿಗಿಸಿಕೊಂಡು ಕೂತಿತ್ತು. ಆದರೆ ಅದನ್ನು ಒಪ್ಪಿದರೆ ಚಂಪಾಬಾಯಿಯವರ ಮುಂದೆ ಆಡಿದ ಮಾತು, ಬಿದ್ದ ಚಪ್ಪಾಳೆ ಎಲ್ಲ ಹಿಂದಕ್ಕೆ ಕೊಡಬೇಕಾಗುತ್ತಿತ್ತು. ಆದ್ದರಿಂದ ಆತ ಬೇರೆ ಕಾರಣ ಹುಡುಕಿದ. ಹುಡುಕುವವನಿಗೆ ಸಿಕ್ಕಿದ್ದು ದಾವಲ್‌ಸಾಬ.

ದಾವಲ್‌ಸಾಬ ಪಂಪಿನ ಮಾಲೀಕ. ಭುಜಂಗಣ್ಣ ಮತ್ತು ಅವನು ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಒಂದೇ ತಪ್ಪು ಉತ್ತರ ಬರೆದು ಒಟ್ಟಿಗೇ ಪೆಟ್ಟು ತಿಂದವರು. ದಿನಾ ಬೆಳಿಗ್ಗೆ ಪಂಪಿನ ಎದುರು ಬೆತ್ತದ ಕುರ್ಚಿಗಳಲ್ಲಿ ಕೂತು ಇಬ್ಬರೂ ಚಹಾ ಕುಡಿಯುತ್ತ ಜಗಳವಾಡಬೇಕು, ಅದಾದ ಮೇಲೆಯೇ ಊರಿನ ದಿನ ಶುರು. ಆ ದಿನ ನಾನು ನನ್ನ ಮೊಪೆಡ್ಡಿಗೆ ಪೆಟ್ರೋಲು ಹಾಕಿಸಲು ಹೋಗಿದ್ದೆ. ನನ್ನ ಹಿಂದೆ ಆಟೋಗಳು, ಎರಡು ಬೈಕು. ಭುಜಂಗಣ್ಣ ಟ್ಯಾಂಕು ಕಂಠದವರೆಗೆ ತುಂಬಿಸಿಕೊಂಡ. ಮುಚ್ಚಳ ಹಾಕಿದ. ಅಷ್ಟೆಲ್ಲ ಆದ ಮೇಲೆ ಕೇಳಿದ. ಅಷ್ಟು ಮುಂದಾಲೋಚನೆ ಅವನಿಗಿತ್ತು.

'ದಾವಲ್, ಇದರಾಗ ಏನರೆ ಕೂಡಸ್ತೀಯೇನು?'

'ಏನು ಕೂಡಸ್ತೀನಿ?'

'ನೀರು.'

ಆಟೋದವರು ಎಂಜಿನ್ ಆರಿಸಿದರು, ಸರಿಯಾಗಿ ಕೇಳಿಸಲೆಂದು. ದಾವಲ್‌ಸಾಬ ಕುರ್ಚಿಯಿಂದ ನಿಧಾನವಾಗಿ ಎದ್ದ. ತಮಾಷೆ ಇರಬಹುದೇನೋ ಎಂದು ಗೆಳೆಯನ ಮುಖ ನೋಡಿದ. ಅಲ್ಲಿ ತಮಾಷೆ ಇರಲಿಲ್ಲ.

'ನಮ್ಮಪ್ಪನ ಕಾಲದಿಂದ ಈ ಪಂಪು ಐತಿ' ಎಂದ. 'ಹಿಂಗ ಒಬ್ಬರೂ ಅಂದಿಲ್ಲ.'

'ಮೈಲೇಜು ಒಂಬತ್ತಕ್ಕ ಬಂದೈತಿ. ಮತ್ತೇನಂತೀ?'

'ಭುಜಂಗಾ, ಹೊತಗೊಂಡು ಹೋಗೂದೇನು, ಹತ್ತಿಯೇನು?'

'ಹೊತ್ತದ್ದಕ್ಕೂ ಅದಕ್ಕೂ ಸಂಬಂಧ ಇಲ್ಲ.'

ದಾವಲ್‌ಸಾಬ ಪೈಪನ್ನು ಅದರ ಕೊಕ್ಕೆಗೆ ಸಿಕ್ಕಿಸಿದ. 'ನೀರು ಬೇಕಾದಾಂವ ಬಾವಿಗೆ ಹೋಗಬೇಕು. ಇನ್ನ ಮ್ಯಾಲೆ ಈ ಕಡೆ ಬರಬ್ಯಾಡ' ಎಂದ. ಧ್ವನಿ ಏರಿಸಲಿಲ್ಲ. ಅವನು ಕೂಗಾಡಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು ಎಂದು ನನಗೆ ಅನ್ನಿಸಿತು.

ಊರಿಗೆ ಇರುವುದು ಅದೊಂದೇ ಪಂಪು. ಭುಜಂಗಣ್ಣ ತುಂಬಿಸಿಕೊಂಡದ್ದರಲ್ಲೇ ಚಳಿಗಾಲ ಕಳೆಯುವ ಹಟ ತೊಟ್ಟ. ಚಹಾ ಮನೆಯಲ್ಲೇ ಕುಡಿಯತೊಡಗಿದ. ಜಗಳವಾಡಲು ಬೇರೆ ಯಾರೂ ಇಲ್ಲದ್ದರಿಂದ ಕಸ್ತೂರಿಯ ಜೊತೆ ಶುರು ಮಾಡಿದ. ಆಕೆ ಎರಡೇ ದಿನಕ್ಕೆ, 'ನೀವು ಪಂಪಿಗೆ ಹೋಗ್ತೀರೋ, ನಾ ತವರಿಗೆ ಹೋಗಲೋ' ಎಂದಳು. ಆತ ಎರಡಕ್ಕೂ ಒಪ್ಪಲಿಲ್ಲ.

ಹೀಗಿರುವಾಗ ಹಿಮ ಬಳೇಪೇಟೆಯಿಂದ ಎದ್ದು, ಗಾಣಿಗರ ಪೇಟೆಗೆ ಹೋಗಿ ಕೂತಿತು. ಪಂಪು, ದಾವಲ್‌ಸಾಬನ ಮನೆ ಎಲ್ಲ ಅದರ ಅಡಿಗೆ. ಹಿಮ ಕೂತಲ್ಲಿ ಕರೆಂಟೂ ಇರುವುದಿಲ್ಲ, ಪಂಪು ಬಂದ್. ಊರಿನವರು ಇದ್ದ ಎಣ್ಣೆಯನ್ನು ಹಿಡಿದು ಹಿಡಿದು ಬಳಸಿದರು. ಬಹಳ ಗಾಡಿಗಳು ನಿಂತಲ್ಲೇ ನಿಂತವು. ಭುಜಂಗಣ್ಣ ಎರಡು ಸಲ ಹಿಮಗಾಡಿ ಹೊತ್ತೊಯ್ದು ಅಲ್ಲಿನವರಿಗೆ ಹಾಲು, ಅಕ್ಕಿ ಮುಟ್ಟಿಸಿ ಬಂದ. ದಾವಲ್‌ಸಾಬನ ಮನೆಯ ಹಾಲನ್ನು ಮಾತ್ರ ಪಕ್ಕದ ಮನೆಯಲ್ಲಿ ಕೊಟ್ಟು ಬಂದನಂತೆ.

ಒಂದು ಬೆಳಿಗ್ಗೆ ಕಸ್ತೂರಿಗೆ ಫೋನು ಬಂತು. ದಾವಲ್‌ಸಾಬನ ಹೆಂಡತಿ ಜೈನಾಬಿ. ಗಂಡನಿಗೆ ಸೊಂಟದಿಂದ ಹೊಟ್ಟೆಗೆ ಇರಿದ ಹಾಗೆ ನೋವು, ಮೂತ್ರ ನಿಂತುಹೋಗಿದೆ, ಈಗ ಮೈ ಸುಡುತ್ತಿದೆ. ಆಸ್ಪತ್ರೆಯ ಡಾಕ್ಟರಮ್ಮನಿಗೆ ಫೋನು ಮಾಡಿದ್ದಳಂತೆ. ಕಲ್ಲು ಸಿಕ್ಕಿಕೊಂಡಿರಬೇಕು, ಅದರ ಮೇಲೆ ಜ್ವರ ಬಂದಿದೆ ಎಂದರೆ ತಡ ಮಾಡುವ ಹಾಗಿಲ್ಲ, ಈಗಲೇ ಕರೆತನ್ನಿ ಎಂದಿದ್ದರಂತೆ. 'ಅವರು ಭುಜಂಗಣ್ಣಗ ಹೇಳಬ್ಯಾಡ ಅಂತಾರವ್ವ. ನಾ ಮತ್ತ್ಯಾರಿಗೆ ಹೇಳಲಿ?' ಎಂದು ಅತ್ತಳು.

ಕಸ್ತೂರಿ ಗಂಡನ ಕಡೆ ತಿರುಗುವುದರೊಳಗೆ ಆತ ಚಾವಿ ತೆಗೆದುಕೊಂಡಾಗಿತ್ತು. ಹಿಮಗಾಡಿಗಳು ಅವರ ಮನೆಯ ಮುಂದೆಯೇ ಇರುತ್ತಿದ್ದವು. ಹಲಗೆ ಹಾಕಿ, ನಾವು ಓಣಿಯವರು ನಾಲ್ಕೈದು ಜನ ಕೈ ಹಚ್ಚಿ ಎರಡನ್ನೂ ಮೇಲಕ್ಕೆ ದೂಡಿದೆವು. ಒಂದನ್ನು ಓಡಿಸಲು ಕಸ್ತೂರಿ ಹೊರಟಳು, ಹಿಮದ ಮೇಲೆ ಆಕೆ ಗಂಡನಿಗಿಂತ ಚೆನ್ನಾಗಿ ಓಡಿಸುತ್ತಾಳೆ. ಕೈಯಲ್ಲಿ ಒಂದು ಕೌದಿ. ನಾನು ಹಗ್ಗ ಬಿಗಿಯುತ್ತ ಒಳಗೆ ಇಣುಕಿದೆ. ಡೀಸೆಲ್ ಮುಳ್ಳು ಕಾಲು ಭಾಗಕ್ಕಿಂತ ಕೆಳಗಿತ್ತು.

ದಾರಿಯುದ್ದಕ್ಕೂ ಭುಜಂಗಣ್ಣ ಮುಳ್ಳು ನೋಡುತ್ತಿದ್ದ, ರಸ್ತೆ ನೋಡುತ್ತಿದ್ದ, ಮತ್ತೆ ಮುಳ್ಳು ನೋಡುತ್ತಿದ್ದ. ಗಾಣಿಗರ ಪೇಟೆ ಮುಟ್ಟುವಷ್ಟರಲ್ಲಿ ಮುಳ್ಳು ಕೆಂಪು ಗೆರೆಯ ನೆರೆಮನೆಗೆ ಬಂದಿತ್ತು. ಹಿಮದ ಅಂಚಿನಲ್ಲಿ ಗಾಡಿ ನಿಲ್ಲಿಸಿ ಇಳಿದಾಗ ಕಸ್ತೂರಿ ಮೊದಲು ಕಂಡಳು. ಅಂಚು ಒಂದು ಬದಿಯಿಂದ ಮೆಲ್ಲಗೆ ಸುತ್ತಿಕೊಳ್ಳಲು ಶುರುವಾಗಿತ್ತು. ಹಿಮ ಏಳುವ ತಯಾರಿಯಲ್ಲಿತ್ತು.

ಹಿಮಗಾಡಿ ಇಳಿಸಿ ಇಬ್ಬರೂ ಒಳಗೆ ಹೋದರು. ದಾವಲ್‌ಸಾಬ ನಡುಮನೆಯ ಹಾಸಿಗೆಯ ಮೇಲೆ ಮೊಣಕಾಲು ಎದೆಗೆ ಒತ್ತಿಕೊಂಡು ಮಲಗಿದ್ದ. ಮುಖ ಬೂದಿಯಾಗಿತ್ತು. ಬಾಗಿಲಲ್ಲಿ ಭುಜಂಗಣ್ಣನನ್ನು ಕಂಡು, ಹಲ್ಲು ಕಚ್ಚಿ, 'ನೀನ್ಯಾಕ ಬಂದೀ?' ಎಂದ.

'ನೀರು ಕುಡಿಯಾಕ ಬಂದೀನಿ. ಏಳು.'

'ನಿನ್ನ ಗಾಡ್ಯಾಗ ನಾ ಬರಂಗಿಲ್ಲ.'

'ಬರಬ್ಯಾಡ. ನಾನ ಹೊತಗೊಂಡು ಹೋಗ್ತೀನಿ' ಎಂದು ಭುಜಂಗಣ್ಣ ಬಗ್ಗಿ ಅವನನ್ನು ಎತ್ತಿಕೊಂಡೇಬಿಟ್ಟ. ದಾವಲ್‌ಸಾಬ ಸಣ್ಣ ಆಳಲ್ಲ. ಹೊಸ್ತಿಲು ದಾಟುವಷ್ಟರಲ್ಲಿ ಭುಜಂಗಣ್ಣನ ಉಸಿರು ಕೊಲ್ಲನ ತಿದಿಯ ಹಾಗೆ ಆಡುತ್ತಿತ್ತು. ಕಸ್ತೂರಿ ಕೌದಿ ಸುತ್ತಿ, ಅವನನ್ನು ತನ್ನ ಬೆನ್ನ ಹಿಂದೆ ಕೂರಿಸಿ, ಸೆರಗಿನಿಂದ ಸೊಂಟಕ್ಕೆ ಕಟ್ಟಿಕೊಂಡಳು. ಜೈನಾಬಿ ಭುಜಂಗಣ್ಣನ ಹಿಂದೆ ಕೂತಳು. ಹೀಗೆ ಅಂಚಿಗೆ ಬಂದು ಮುಟ್ಟಿದರು. ದಾವಲ್‌ಸಾಬನನ್ನು ಪಿಕಪ್ಪಿನ ಮುಂದಿನ ಸೀಟಿಗೆ ಹಾಕಿ, ಪಕ್ಕಕ್ಕೆ ಜೈನಾಬಿಯನ್ನು ಕೂರಿಸಿದ್ದಾಯಿತು. ಅಷ್ಟರಲ್ಲಿ ಹಿಮದ ಅಂಚು ಮೊಣಕಾಲೆತ್ತರದ ಸುರುಳಿಯಾಗಿತ್ತು.

ಕಸ್ತೂರಿ ಹಲಗೆ ಎಳೆಯತೊಡಗಿದಳು. 'ಹಿಡೀರಿ. ಹೇರೂಣು.'

ಭುಜಂಗಣ್ಣ ನಿಂತೇ ಇದ್ದ. ಒಮ್ಮೆ ಹಿಮಗಾಡಿಗಳನ್ನು ನೋಡಿದ, ಒಮ್ಮೆ ಕಿಟಕಿಯೊಳಗಿಂದ ಮುಳ್ಳನ್ನು. ಇನ್ನು ಊರಿನ ಉದ್ದಕ್ಕೂ ಹೋಗಬೇಕು, ಸೇತುವೆ ದಾಟಬೇಕು, ಅದರಾಚೆ ಆಸ್ಪತ್ರೆಯ ಗುಡ್ಡ. ಹೊತ್ತುಕೊಂಡು ಹೋದರೆ ಸೇತುವೆಯ ಹತ್ತಿರ ಗಾಡಿ ಕೆಮ್ಮಿ ನಿಲ್ಲುತ್ತದೆ. ಇದು ಅವನಿಗೆ ಗೊತ್ತಿತ್ತು. ಬಹಳ ದಿನದಿಂದ ಗೊತ್ತಿತ್ತು.

'ಬಿಡು' ಎಂದ. 'ಹೇರೂದು ಬ್ಯಾಡ.'

'ಏನಂತೀರಿ? ಊರಿನ ಗಾಡಿ! ಹಿಮ ಏಳಾಕತ್ತೈತಿ, ಕಾಣವಲ್ದೇನು?'

'ಹೋದ್ರ ಹೋಗ್ಲಿ.'

ಒಳಗೆ ಎರಡಾಗಿ ಮಡಚಿಕೊಂಡಿದ್ದ ದಾವಲ್‌ಸಾಬ ತಲೆ ಎತ್ತಿದ. ಹಣೆಯ ಮೇಲೆ ಬೆವರು, ತುಟಿ ಒಣಗಿದೆ. ಅಷ್ಟರಲ್ಲೂ ಕೇಳಿದ. 'ಯಾಕ ಹೇರವಲ್ಲಿ?'

'ಸುಮ್ನಿರು.'

'ಅಲ್ಲ, ನೀರಿರೂದು ಡೀಸೆಲ್‌ದಾಗ ಅಲ್ಲೇನು? ಹೇರಿದ್ರೂ ನೀರ, ಬಿಟ್ರೂ ನೀರ. ಗಾಡಿ ಬಿಟ್ರ ನಿನಗೇನು ಲಾಭ?'

'ದಾವಲ್, ನೀ ಸಾಯಾಕತ್ತಿ.'

'ಸಾಯ್ತೀನಿ. ಅದಕ್ಕೂ ಮೊದ್ಲು ಕೇಳಿ ಸಾಯ್ತೀನಿ, ಹೇಳು' ಎಂದವನು ನೋವಿನ ಅಲೆ ಬಂದು ಮತ್ತೆ ಮಡಚಿಕೊಂಡ. ಜೈನಾಬಿ ಅವನ ಬಾಯಿ ಮುಚ್ಚಿದಳು.

ಕಸ್ತೂರಿ ಹೊರಗಿಂದ ಹೇಳಿದಳು. 'ಹಂಗಾದ್ರ ನೀವು ಹೋಗ್ರಿ. ನಾ ಇಲ್ಲೇ ಕಾಯ್ತೀನಿ. ಮನುಷ್ಯಾರು ಇದ್ರ ಹಿಮ ಬಿಟ್ಟು ಹೋದೀತು. ನಾನೂ ಇಲ್ಲದಿದ್ರ ಗಾಡಿ ಇನ್ನಷ್ಟು ಹಗುರ ಆಗ್ತೈತಲ್ಲ.'

ಭುಜಂಗಣ್ಣ ಆಕೆಯ ರಟ್ಟೆ ಹಿಡಿದು ಹಿಂದಿನ ಡಬ್ಬಿಗೆ ಹತ್ತಿಸಿದ. 'ಗಾಡಿ ಹೋದ್ರ ಮತ್ತ ಬರ್ತಾವು. ನೀ ಹತ್ತು' ಎಂದ. ಈ ಮಾತನ್ನು ಕಸ್ತೂರಿ ನನಗೆ ಹೇಳುವಾಗ ನಕ್ಕಳು, ಆಮೇಲೆ ನನ್ನ ಅಂಗಿ ಗುಂಡಿಗಳ ಡಬ್ಬಿಯೊಳಗೆ ಕೈಯಾಡಿಸುತ್ತ ಕೂತಳು. ಮದುವೆಯಾದ ಮೇಲೆ ಆ ಗಾಡಿಗೆ ಆತ ತಾನಾಗಿ ಹೆಂಡತಿಯ ಭಾರ ಏರಿಸಿಕೊಂಡದ್ದು ಅದೇ ಮೊದಲಂತೆ.

ಪಿಕಪ್ಪು ಓಡಿತು. ಬೆನ್ನ ಮೇಲಿನ ಹೊರೆ ಇಳಿದದ್ದು ಅದಕ್ಕೆ ಚೆನ್ನಾಗಿಯೇ ಗೊತ್ತಾದ ಹಾಗಿತ್ತು. ಅಕ್ಕಸಾಲಿಗರ ಓಣಿ ಬಂತು, ಮುಳ್ಳು ಅಲ್ಲಾಡಲಿಲ್ಲ. ಬಳೇಪೇಟೆ ಬಂತು, ಕೂದಲೆಳೆಯಷ್ಟು ಇಳಿಯಿತು. ನಮ್ಮ ಓಣಿಯ ಮುಂದೆ ಹೋಗುವಾಗ ನಾನು ನೋಡಿದೆ, ಹಿಂದಿನ ಡಬ್ಬಿಯಲ್ಲಿ ಹಿಮಗಾಡಿ ಇಲ್ಲ, ಕಸ್ತೂರಿ ತಲೆಗೆ ಸೆರಗು ಬಿಗಿದುಕೊಂಡು ರಾಣಿಯ ಹಾಗೆ ಕೂತಿದ್ದಾಳೆ. ಸೇತುವೆ ದಾಟಿತು. ಗುಡ್ಡದ ಏರು ಶುರುವಾದಾಗ ಕಸ್ತೂರಿ ರೂಢಿಯಂತೆ ಎದ್ದು ಇಳಿಯಲು ಒಂದು ಕಾಲು ಆಚೆ ಹಾಕಿದಳು. ಕನ್ನಡಿಯಲ್ಲಿ ಕಂಡ ಭುಜಂಗಣ್ಣ ಕಿಟಕಿಯಿಂದ ತಲೆ ಹೊರಹಾಕಿ, 'ಇಳಿದೀ ಅಂದ್ರ ನೋಡು!' ಎಂದು ಗುಡ್ಡವೆಲ್ಲ ಕೇಳುವ ಹಾಗೆ ಕೂಗಿದ.

ಆಸ್ಪತ್ರೆಯ ಅಂಗಳದಲ್ಲಿ ದಾವಲ್‌ಸಾಬನನ್ನು ಗಾಲಿ ಮಂಚಕ್ಕೆ ಹಾಕಿದರು. ಆತ ಭುಜಂಗಣ್ಣನ ಅಂಗಿ ಹಿಡಿದುಕೊಂಡ. ಕೊನೆಯ ಮಾತೇನೋ ಹೇಳುತ್ತಾನೆಂದು ಭುಜಂಗಣ್ಣ ಬಗ್ಗಿದ, ಕಣ್ಣಲ್ಲಿ ನೀರು ಬಂದಿತ್ತು.

'ಮುಳ್ಳು ಎಲ್ಲೈತಿ?' ಎಂದ ದಾವಲ್‌ಸಾಬ.

ಭುಜಂಗಣ್ಣ ಕಣ್ಣು ಒರೆಸಿಕೊಂಡು, 'ಕೆಂಪಿಗೆ ಬಂದೈತಿ' ಎಂದ.

'ಜೈನಾಬಿ, ಹೋಗಿ ನೋಡಿ ಬಾ.'

ಜೈನಾಬಿ ಓಡಿ ಹೋಗಿ ನೋಡಿ ಬಂದಳು. ಪಾಪ, ಆಕೆಗೆ ಇವರ ವ್ಯವಹಾರ ಗೊತ್ತಿಲ್ಲ. 'ಕೆಂಪು ಇನ್ನೂ ಕೆಳಗ ಐತ್ರಿ, ಮುಳ್ಳು ಮ್ಯಾಲೆ ಐತಿ' ಎಂದಳು. ದಾವಲ್‌ಸಾಬನಿಗೆ ನಗಲು ಆಗಲಿಲ್ಲ. ಆದರೂ ಅವನ ಮುಖ ಒಂದು ಕ್ಷಣ ಬೂದಿ ಬಣ್ಣ ಬಿಟ್ಟು ಮನುಷ್ಯರ ಬಣ್ಣಕ್ಕೆ ಬಂದಿತು. ಅಷ್ಟರಲ್ಲಿ ಒಳಗೆ ತಳ್ಳಿಕೊಂಡು ಹೋದರು. ಇನ್ನೂ ಸ್ವಲ್ಪ ತಡವಾಗಿದ್ದರೆ ಜ್ವರ ರಕ್ತಕ್ಕೆ ಇಳಿದು ಕೈ ಮೀರುತ್ತಿತ್ತು ಎಂದು ಡಾಕ್ಟರಮ್ಮ ಆಮೇಲೆ ಹೇಳಿದರು. ಭುಜಂಗಣ್ಣ ಆ ದಿನವೆಲ್ಲ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕೂತಿದ್ದ.

ಮಧ್ಯಾಹ್ನದೊಳಗೆ ಹಿಮ ಎದ್ದುಹೋಗಿತ್ತು. ಜೊತೆಗೆ ಊರಿನ ಎರಡೂ ಹಿಮಗಾಡಿಗಳು, ಹಲಗೆ, ಹಗ್ಗ, ನಾನು ಹೊಲಿದ ಮುಸುಕು ಕೂಡ.

ಸಮಿತಿ ಸಭೆ ಕರೆಯಿತು. ಭುಜಂಗಣ್ಣ ಎದ್ದು ನಿಂತು, ತಪ್ಪು ತನ್ನದೇ, ಬಿಟ್ಟು ಬಂದದ್ದು ತಾನೇ, ಸಮಿತಿ ಏನು ಹೇಳಿದರೂ ಒಪ್ಪುತ್ತೇನೆ ಎಂದ. ಚಂಪಾಬಾಯಿಯವರು ಕನ್ನಡಕ ಕೆಳಗಿಳಿಸಿ ನೋಡಿದರು. 'ಒಂದು ಜೀವ ಉಳೀತು. ಗಾಡಿ ಹೋಗಿದ್ದಕ್ಕ ನಮಗ್ಯಾರಿಗೂ ಸಿಟ್ಟಿಲ್ಲ. ಆದ್ರ ಯಾಕ ಹೇರಲಿಲ್ಲ? ಹೇರಿದ್ರ ನಿನ್ನ ಗಾಡಿಗೆ ಗೊತ್ತೂ ಆಗಂಗಿಲ್ಲ ಅಂದಿದ್ದಿಯಲ್ಲ?'

ಸಭೆಯ ಕೊನೆಯ ಸಾಲಿನಲ್ಲಿ ದಾವಲ್‌ಸಾಬ ಶಾಲು ಹೊದ್ದು ಕೂತಿದ್ದ. ಆಸ್ಪತ್ರೆಯಿಂದ ಬಂದು ಬಹಳ ದಿನವಾಗಿರಲಿಲ್ಲ. ಎಲ್ಲರೂ ಒಮ್ಮೆ ಅವನನ್ನು, ಒಮ್ಮೆ ಇವನನ್ನು ನೋಡಿದರು. ಭುಜಂಗಣ್ಣ ಅಂಗಿಯ ಕಾಲರು ಸರಿ ಮಾಡಿಕೊಳ್ಳಲು ಹೋಗಿ ಕೈ ಇಳಿಸಿದ. 'ಟೈಮ್ ಇರಲಿಲ್ಲ ಮಿಸ್ಸು' ಎಂದು ಕೂತುಬಿಟ್ಟ. ದಾವಲ್‌ಸಾಬ ಶಾಲು ಸರಿ ಮಾಡಿಕೊಂಡು ಎದ್ದು ಹೋದ. ಜೀವ ಉಳಿಸಿದವನ ಮೇಲೆ ಸಿಟ್ಟು ಮಾಡುವ ಹಾಗಿಲ್ಲ, ನೀರು ಕೂಡಿಸಿದ ಎಂದವನ ಜೊತೆ ಚಹಾ ಕುಡಿಯುವ ಹಾಗೂ ಇಲ್ಲ. ಅವನ ಕಷ್ಟ ಅವನಿಗೆ. ಪಂಪು ಮತ್ತೆ ತೆರೆಯಿತು, ಭುಜಂಗಣ್ಣ ಹೋದರೆ ಕೆಲಸದವರು ಡೀಸೆಲ್ ಹಾಕುತ್ತಿದ್ದರು. ಬೆತ್ತದ ಕುರ್ಚಿ ಮಾತ್ರ ಒಂದೇ ಇರುತ್ತಿತ್ತು.

ಹೊಸ ಹಿಮಗಾಡಿ ಬರುವುದು ಬರುವ ವರ್ಷಕ್ಕೆ ಎಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಹಿಮ ಕೂತ ಓಣಿಗೆ ನಡೆದೇ ಹೋಗಬೇಕು. ಈ ಮಾತು ಹಿಮಕ್ಕೆ ಹೇಗೆ ಕೇಳಿಸಿತೋ, ಎರಡು ಓಣಿ ಹಾರಿ ನೇರ ನಮ್ಮ ಓಣಿಗೇ ಬಂದು ಕೂತಿತು.

ಅದು ಎದೆಮಟ್ಟದ ಹಿಮ. ಭುಜಂಗಣ್ಣನ ಪಿಕಪ್ಪು ಬಾಗಿಲ ಮುಂದೆ ಕಿಟಕಿಯವರೆಗೆ ಮುಳುಗಿತು. ಎಲ್ಲಿ ಸುತ್ತಿಕೊಂಡು ಹೋಗಿಬಿಡುತ್ತದೋ ಎಂದು ಆತ ಅದನ್ನು ಜಗಲಿಯ ಕಂಬಕ್ಕೆ ಸರಪಳಿಯಿಂದ ಬಿಗಿದು ಬೀಗ ಹಾಕಿದ. ನಾವೆಲ್ಲ ಒಳಗೆ ಒಲೆಯ ಮುಂದೆ ಕೂತೆವು. ಮೊದಲು ತರಕಾರಿ ಮುಗಿಯಿತು, ಆಮೇಲೆ ಹಾಲಿನ ಮುಖವೇ ಮರೆತುಹೋಯಿತು. ಕಸ್ತೂರಿ ನನ್ನ ಕಿಟಕಿಗೂ ಅವರ ಕಿಟಕಿಗೂ ಹಗ್ಗ ಕಟ್ಟಿ, ಅದರ ಮೇಲೆ ಬುಟ್ಟಿ ಜಾರಿಸಿ ಹುಣಸೆಹಣ್ಣು, ಬೆಲ್ಲ ಅದಲುಬದಲು ಮಾಡುತ್ತಿದ್ದಳು. ಓಣಿಯ ತುಂಬ ಅದೊಂದೇ ಸಂಚಾರ.

ಒಂದು ಮಧ್ಯಾಹ್ನ ನಾನು ಕಿಟಕಿಯ ಗಾಜಿನ ಮೇಲಿನ ಮಂಜು ಒರೆಸಿ ನೋಡಿದರೆ ಓಣಿಯ ತುದಿಯಲ್ಲಿ ಒಂದು ತಲೆ ಕಂಡಿತು. ಸುತ್ತ ಮಫ್ಲರು. ತಲೆಯ ಮೇಲೆ ದೊಡ್ಡ ಗಂಟು. ಮೈ ಹಿಮದೊಳಗೆ ಕಾಣದಾಗಿತ್ತು. ಒಂದು ಹೆಜ್ಜೆ ಇಟ್ಟು ನಿಲ್ಲುವುದು, ಉಸಿರು ಬಿಡುವುದು, ಮತ್ತೊಂದು ಹೆಜ್ಜೆ. ದಾವಲ್‌ಸಾಬ. ಕಲ್ಲು ತೆಗೆಸಿಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ, ಆದರೂ ಎತ್ತು ಎಳೆಯಬೇಕಾದಷ್ಟು ಭಾರ ಹೊತ್ತು ಬರುತ್ತಿದ್ದ. ಭುಜಂಗಣ್ಣನೂ ಕಂಡನೆಂದು ಕಾಣುತ್ತದೆ. ಕಿಟಕಿಯಿಂದ ಪಿಕಪ್ಪಿನ ತಲೆಯ ಮೇಲೆ ಜಿಗಿದು, ಅಲ್ಲಿಂದ ಕೈ ಚಾಚಿ, ಮೊದಲು ಗಂಟನ್ನು, ಆಮೇಲೆ ಗೆಳೆಯನನ್ನು ಮೇಲಕ್ಕೆ ಎಳೆದುಕೊಂಡ. ಇಬ್ಬರೂ ಗಾಡಿಯ ತಲೆಯ ಮೇಲೆ ಕಾಲು ಇಳಿಬಿಟ್ಟು ಕೂತರು. ಗಂಟಿನೊಳಗೆ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಓಣಿಗೆಲ್ಲ ಆಗುವಷ್ಟು.

'ಮನ್ಯಾಗ ಹೊಟ್ಟಿ ತುಂಬ ಉಂಡು ಹೊಂಟಿದ್ದೆ' ಎಂದ ದಾವಲ್‌ಸಾಬ ಏದುಸಿರು ಬಿಡುತ್ತ. 'ಓಣಿ ಬಾಯಿಗೆ ಬರೂದ್ರಾಗ ಎಲ್ಲಾ ಕರಗಿ ಹೋತು. ಬರೇ ಕೈಲೆ ಬಂದಿದ್ರ ಇಷ್ಟು ಹಸಿವು ಆಗ್ತಿರಲಿಲ್ಲ.'

ಭುಜಂಗಣ್ಣ ಗಂಟಿನ ಕಡೆ ನೋಡಿದ. ದಾವಲ್‌ಸಾಬನ ನಡುಗುವ ಕಾಲುಗಳನ್ನು ನೋಡಿದ. ಕಿಟಕಿಯಲ್ಲಿ ನಿಂತ ಕಸ್ತೂರಿಯ ಕಡೆ ನೋಡಲಿಲ್ಲ, ಆಕೆ ನೋಡುತ್ತಿದ್ದಾಳೆಂದು ಗೊತ್ತಿತ್ತು.

'ನಿನ್ನ ಡೀಸೆಲ್‌ದಾಗ ನೀರು ಇರಲಿಲ್ಲ' ಎಂದ, ಎದೆಗೆ ಹೇಳಿಕೊಂಡ ಹಾಗೆ.

'ಏನಂದೀ?' ದಾವಲ್‌ಸಾಬ ಮಫ್ಲರು ಬಿಚ್ಚಿ ಕಿವಿ ಉಜ್ಜಿಕೊಂಡ. 'ಥಂಡಿಗೆ ಕಿವಿ ಹಿಡದಾವು.'

'ನೀರು ಇರಲಿಲ್ಲ ಅಂದೆ.'

'ಜೋರಾಗಿ ಹೇಳೋ. ಅವತ್ತು ಪಂಪಿನ್ಯಾಗ ಚಲೋ ಕೇಳಿಸಿತ್ತಲ್ಲ.'

ಭುಜಂಗಣ್ಣ ಪಿಕಪ್ಪಿನ ತಲೆಯ ಮೇಲೆ ಎದ್ದು ನಿಂತ. ಕೆಳಗೆ ಹಿಮ, ಎರಡೂ ಕಡೆ ಮುಚ್ಚಿದ ಬಾಗಿಲುಗಳು, ಬಾಯಿಂದ ಹೊಗೆಯ ಹಾಗೆ ಉಸಿರು. 'ದಾವಲ್‌ಸಾಬನ ಡೀಸೆಲ್‌ದಾಗ ನೀರು ಇರಲಿಲ್ರೋ!' ಎಂದು ಕೂಗಿದ. 'ಆ ಹಿಮಗಾಡಿ ಕುಡದ್ವು! ಹೇರಿದ್ದಕ್ಕ ಕುಡದ್ವು! ನಾನ ಸುಳ್ಳು ಹೇಳಿದ್ದೆ!'

ಹಿಮ ಕೂತ ಓಣಿಯಲ್ಲಿ ಬೇರೆ ಸದ್ದೇ ಇರುವುದಿಲ್ಲವಾದ್ದರಿಂದ ಮಾತು ಓಣಿಯ ಆ ತುದಿಗೆ ಹೋಗಿ ತಿರುಗಿ ಬಂತು. ಒಂದೊಂದಾಗಿ ಕಿಟಕಿಗಳು ತೆರೆದುಕೊಂಡವು. ದಾವಲ್‌ಸಾಬ ಮೊದಲ ರೊಟ್ಟಿಯನ್ನು ಮುರಿದು, ಪಲ್ಯ ಸುತ್ತಿ, ನಿಂತವನ ಕೈಗೆ ಕೊಟ್ಟ. ನನಗೆ ಎಲ್ಲ ಮೊದಲ ಸಲವೇ ಸ್ಪಷ್ಟವಾಗಿ ಕೇಳಿಸಿತ್ತು. ಆದರೂ ಕಿಟಕಿಯಿಂದ ತಲೆ ಹೊರಗೆ ಹಾಕಿ, ಕಿವಿಗೆ ಕೈ ಹಚ್ಚಿ, 'ಏನಂದ್ರಿ ಭುಜಂಗಣ್ಣ?' ಎಂದು ಕೇಳಿದೆ.